ಬೆಟ್ಟದ ದಾರಿಯಲ್ಲಿ ಕೈಕೊಡುವ ಜಿಪಿಎಸ್: ಯಾವಾಗ ನಂಬಬೇಕು, ಯಾವಾಗ ಜೇಬಿಗೆ ಹಾಕಬೇಕು

ಮಾಕಣಿ: ಕನ್ನಡದಲ್ಲಿ 'ದೂರದ ಬೆಟ್ಟ ನುಣ್ಣಗೆ' ಎನ್ನುತ್ತಾರೆ. ಮರಾಠಿಯಲ್ಲಿ ಅದೇ ಮಾತು 'ದುರೂನ್ ಡೋಂಗರ್ ಸಾಜರೆ'. ಎರಡೂ ಭಾಷೆ ಆಡುವ ಉಮರ್ಗಾ, ನಿಲಂಗಾ, ಉದಗೀರ್ ಭಾಗದ ಹಳ್ಳಿಗರಿಗೆ ಈ ಗಾದೆಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ದೂರದಿಂದ ಕಂಡ ಬೆಟ್ಟಕ್ಕಿಂತಲೂ ನುಣ್ಣಗಿನ ಬೆಟ್ಟವೊಂದು ಈಗ ಎಲ್ಲರ ಅಂಗೈಯಲ್ಲಿದೆ. ಅದು ಜಿಪಿಎಸ್ ಪರದೆಯ ಮೇಲಿನ ಬೆಟ್ಟ. ಅಲ್ಲಿ ಮುಳ್ಳಿಲ್ಲ, ಕಂದರವಿಲ್ಲ, ನೀರಿಲ್ಲ. ಒಂದು ಬಾಣ, ಒಂದು ಗೆರೆ, ಅಷ್ಟೆ.

ಆ ಗೆರೆಯನ್ನು ಕಣ್ಣುಮುಚ್ಚಿ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಮಹಾರಾಷ್ಟ್ರದಲ್ಲೇ ಉದಾಹರಣೆ ಇದೆ. 2021ರ ಜನವರಿಯಲ್ಲಿ ಪುಣೆಯಿಂದ ಕಳಸೂಬಾಯಿ ಶಿಖರದ ಚಾರಣಕ್ಕೆ ಹೊರಟ ಮೂವರು ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಅಕೋಲೆ ತಾಲ್ಲೂಕಿನಲ್ಲಿ ರಾತ್ರಿ ಹೊತ್ತು ಮೊಬೈಲ್ ನಕ್ಷೆ ತೋರಿಸಿದ ಹತ್ತಿರದ ದಾರಿ ಹಿಡಿದರು. ಆ ದಾರಿಯ ಸೇತುವೆ ಪಿಂಪಳಗಾವ್ ಖಾಂಡ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತ್ತು. ಕಾರು ನೇರ ನೀರಿಗಿಳಿಯಿತು. ಇಬ್ಬರು ಈಜಿ ದಡ ಸೇರಿದರು, ಚಾಲಕ ಉಳಿಯಲಿಲ್ಲ.

ಇಲ್ಲಿ ಗಮನಿಸಬೇಕಾದ ವಿಷಯವೆಂದರೆ ಉಪಗ್ರಹಗಳು ತಪ್ಪು ಮಾಡಿರಲಿಲ್ಲ. ಕಾರು ಎಲ್ಲಿದೆ ಎಂಬುದನ್ನು ಯಂತ್ರ ಸರಿಯಾಗಿಯೇ ಹೇಳುತ್ತಿತ್ತು. ಮುಂದೆ ರಸ್ತೆ ಇದೆಯೋ ಇಲ್ಲವೋ ಎಂಬುದು ಮಾತ್ರ ಅದಕ್ಕೆ ತಿಳಿದಿರಲಿಲ್ಲ. ಹತ್ತಿರದ ಊರಿನ ಯಾರನ್ನು ಕೇಳಿದರೂ ಅದು ತಿಳಿಯುತ್ತಿತ್ತು. ಬೆಟ್ಟ ಹತ್ತುವವರು ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನಕ್ಕೂ ಮೊಬೈಲಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಯಂತ್ರ ಮಾಡುವ ಕೆಲಸ ಏನು?

ಜಿಪಿಎಸ್ ಅಮೆರಿಕ ದೇಶದ ಉಪಗ್ರಹ ವ್ಯವಸ್ಥೆ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಮೂವತ್ತರ ಆಸುಪಾಸು ಉಪಗ್ರಹಗಳು ಸುತ್ತುತ್ತಿರುತ್ತವೆ. ಪ್ರತಿ ಉಪಗ್ರಹವೂ ತನ್ನ ಗಡಿಯಾರದ ವೇಳೆಯನ್ನು ಮತ್ತು ತಾನಿರುವ ಜಾಗವನ್ನು ರೇಡಿಯೋ ಮೂಲಕ ಸಾರುತ್ತಿರುತ್ತದೆ. ಕೈಯಲ್ಲಿರುವ ಸಾಧನ ಈ ಸಂಕೇತ ತನ್ನನ್ನು ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂದು ಲೆಕ್ಕ ಹಾಕಿ ದೂರವನ್ನು ಕಂಡುಹಿಡಿಯುತ್ತದೆ. ಜಾಗ ಮತ್ತು ಎತ್ತರ ಎರಡೂ ಸಿಗಬೇಕಾದರೆ ಕನಿಷ್ಠ ನಾಲ್ಕು ಉಪಗ್ರಹಗಳು ಕಾಣಬೇಕು.

ರೇಡಿಯೋ ಸಂಕೇತ ಬೆಳಕಿನ ವೇಗದಲ್ಲಿ ಚಲಿಸುತ್ತದೆ. ಹಾಗಾಗಿ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸ ಬರುತ್ತದೆ. ಇಷ್ಟು ಸೂಕ್ಷ್ಮವಾದ ಲೆಕ್ಕಾಚಾರ ಬಹುತೇಕ ಸರಿಬರುತ್ತದೆ ಎಂಬುದೇ ಆಶ್ಚರ್ಯ. ಬಯಲಿನಲ್ಲಿ, ತೆರೆದ ಆಕಾಶದ ಕೆಳಗೆ ಸಾಮಾನ್ಯ ಮೊಬೈಲ್ ಕೂಡ ಸುಮಾರು 5 ಮೀಟರಿನೊಳಗೆ ಜಾಗ ಹೇಳುತ್ತದೆ. ಆದರೆ ಬೆಟ್ಟದಲ್ಲಿ ಆಕಾಶ ತೆರೆದಿರುವುದಿಲ್ಲ.

ಈ ಸೇವೆ ಜನಸಾಮಾನ್ಯರ ಕೈಗೆ ಬಂದದ್ದೂ ಒಂದು ದಾರಿ ತಪ್ಪಿದ ಕಥೆಯಿಂದಲೇ. 1983ರ ಸೆಪ್ಟೆಂಬರ್ 1ರಂದು ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶ ಹೊಕ್ಕ ಕೊರಿಯಾದ ಪ್ರಯಾಣಿಕರ ವಿಮಾನವನ್ನು ಹೊಡೆದುರುಳಿಸಲಾಯಿತು. 269 ಮಂದಿ ಸತ್ತರು. ಆ ಬಳಿಕವೇ ಅಮೆರಿಕದ ಅಧ್ಯಕ್ಷ ರೇಗನ್ ಈ ಮಿಲಿಟರಿ ವ್ಯವಸ್ಥೆಯನ್ನು ನಾಗರಿಕರ ಬಳಕೆಗೂ ಒದಗಿಸುವುದಾಗಿ ಪ್ರಕಟಿಸಿದರು. ಆದರೂ ನಾಗರಿಕರ ಸಂಕೇತದಲ್ಲಿ ಬೇಕೆಂದೇ ಸುಮಾರು 100 ಮೀಟರಿನಷ್ಟು ತಪ್ಪು ಬೆರೆಸಲಾಗುತ್ತಿತ್ತು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅದನ್ನು ನಿಲ್ಲಿಸಲಾಯಿತು. ಕೈಸಾಧನಗಳು ಚಾರಣಿಗರ ನಡುವೆ ಜನಪ್ರಿಯವಾದದ್ದು ಆ ಮೇಲೆ.

ತಪ್ಪು ಹುಟ್ಟುವುದು ಎಲ್ಲಿ?

ಮೊದಲನೆಯದು ಬಂಡೆಯ ಗೋಡೆ. ಕಡಿದಾದ ಬಂಡೆಯ ಪಕ್ಕ ನಿಂತಾಗ ಉಪಗ್ರಹದ ಸಂಕೇತ ನೇರವಾಗಿ ಬರದೆ ಬಂಡೆಗೆ ಬಡಿದು ತಿರುಗಿ ಬರಬಹುದು. ಬಾವಿಯಲ್ಲಿ ಕೂಗಿದರೆ ದನಿ ಮರಳುವ ಹಾಗೆ. ಸುತ್ತಿ ಬಂದ ಸಂಕೇತವನ್ನು ಯಂತ್ರ ನೇರ ಬಂದದ್ದೆಂದು ತಿಳಿದು ದೂರವನ್ನು ಹೆಚ್ಚು ಎಣಿಸುತ್ತದೆ. ಪರದೆಯ ಮೇಲಿನ ಗುರುತು ಹತ್ತಾರು ಮೀಟರ್ ಪಕ್ಕಕ್ಕೆ ಜಿಗಿಯುತ್ತದೆ. ಬಯಲಿನಲ್ಲಿ ಇಷ್ಟು ವ್ಯತ್ಯಾಸದಿಂದ ತೊಂದರೆಯಿಲ್ಲ. ಸಹ್ಯಾದ್ರಿಯ ಕಡಾ, ಅಂದರೆ ಕಡಿದಾದ ಪ್ರಪಾತದ ಅಂಚಿನಲ್ಲಿ ಹತ್ತು ಮೀಟರ್ ಎಂದರೆ ನೆಲಕ್ಕೂ ಗಾಳಿಗೂ ಇರುವ ಅಂತರ.

ಎರಡನೆಯದು ಕಿರಿದಾದ ಕಣಿವೆ. ಹಳ್ಳದ ತಳದಲ್ಲಿ ನಿಂತರೆ ತಲೆಯ ಮೇಲಿನ ಆಕಾಶದ ಒಂದು ಪಟ್ಟಿ ಮಾತ್ರ ಕಾಣುತ್ತದೆ. ಆ ಪಟ್ಟಿಯಲ್ಲಿ ಐದಾರು ಉಪಗ್ರಹಗಳಿದ್ದರೂ ಎಲ್ಲವೂ ಒಂದೇ ಕಡೆ ಗುಂಪಾಗಿರುತ್ತವೆ. ಹೊಲದ ಗಡಿ ಅಳೆಯುವಾಗ ಒಂದೇ ಮೂಲೆಯಿಂದ ಹಗ್ಗ ಹಿಡಿದ ಹಾಗೆ, ಇಂಥ ಲೆಕ್ಕದಲ್ಲಿ ತಪ್ಪು ದೊಡ್ಡದಾಗುತ್ತದೆ. ಆದ್ದರಿಂದ ಉಪಗ್ರಹಗಳ ಸಂಖ್ಯೆಯನ್ನಷ್ಟೇ ನೋಡಿ ಸಮಾಧಾನಪಡಬಾರದು. ಅವು ನಾಲ್ಕೂ ದಿಕ್ಕಿಗೆ ಹರಡಿವೆಯೇ ಎಂಬುದನ್ನು ಉಪಗ್ರಹ ಪುಟದಲ್ಲಿ ನೋಡಬೇಕು.

ಮೂರನೆಯದು ಮರ ಮತ್ತು ಮೈ. ಮಳೆಯಲ್ಲಿ ತೊಯ್ದ ದಟ್ಟ ಎಲೆಗಳು ಸಂಕೇತವನ್ನು ಹೀರುತ್ತವೆ. ಮನುಷ್ಯನ ದೇಹವೂ ಹೆಚ್ಚಾಗಿ ನೀರೇ ಆದ್ದರಿಂದ ಎದೆಗೆ ಒತ್ತಿಕೊಂಡ ಅಥವಾ ಚೀಲದ ತಳದಲ್ಲಿಟ್ಟ ಸಾಧನಕ್ಕೆ ಅರ್ಧ ಆಕಾಶ ಮರೆಯಾಗುತ್ತದೆ. ಭುಜದ ಪಟ್ಟಿಯ ಮೇಲ್ಭಾಗಕ್ಕೆ ಕಟ್ಟಿಕೊಳ್ಳುವುದು ಉತ್ತಮ.

ನಾಲ್ಕನೆಯದು ಮೇಲಿನ ವಾತಾವರಣ. ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಹತ್ತಿರ ಹಾದುಹೋಗುತ್ತದೆ. ಹೀಗಾಗಿ ನಮ್ಮ ಭಾಗದ ಅಯಾನುಗೋಳದಲ್ಲಿ ಸೂರ್ಯಾಸ್ತದ ನಂತರ ಕೆಲವು ಗಂಟೆ ಕಲಕಾಟ ಹೆಚ್ಚು. ಹಗಲು-ರಾತ್ರಿ ಸಮವಾಗಿರುವ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ, ಸೂರ್ಯನ ಚಟುವಟಿಕೆ ಜೋರಾಗಿರುವ ವರ್ಷಗಳಲ್ಲಿ ಇದು ಇನ್ನೂ ಹೆಚ್ಚು. ಕತ್ತಲಾದ ಮೇಲೆ ಯಂತ್ರವನ್ನೇ ನಂಬಿ ಇಳಿಯಬಾರದು ಎಂಬುದಕ್ಕೆ ಇದೂ ಒಂದು ಕಾರಣ.

ಐದನೆಯದು ಯಂತ್ರದ ವಯಸ್ಸು. ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದ ಸಾಧನಕ್ಕೆ ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿ ಹಳತಾಗಿರುತ್ತದೆ. ಹೊಸ ಪಟ್ಟಿ ಪೂರ್ತಿ ಇಳಿಯಲು 12.5 ನಿಮಿಷ ಬೇಕು. ಅಷ್ಟರೊಳಗೆ ನಡೆಯಲು ಶುರುಮಾಡಿದವರು ಅರ್ಧಂಬರ್ಧ ಲೆಕ್ಕದ ಹಿಂದೆ ಹೋಗುತ್ತಾರೆ. ಇನ್ನೊಂದು ತೊಂದರೆ ವಾರಗಳ ಎಣಿಕೆಯದು. ಜಿಪಿಎಸ್ ವ್ಯವಸ್ಥೆ ವಾರಗಳನ್ನು 1,024ರವರೆಗೆ ಎಣಿಸಿ ಮತ್ತೆ ಸೊನ್ನೆಯಿಂದ ಆರಂಭಿಸುತ್ತದೆ. 2019ರ ಏಪ್ರಿಲ್ 6ರ ರಾತ್ರಿ ಹೀಗೆ ಎಣಿಕೆ ತಿರುಗಿದಾಗ ಕೆಲವು ಹಳೆಯ ಸಾಧನಗಳಲ್ಲಿ ತಾರೀಖು ತಪ್ಪಿತು. ಹಳೆಯ ಸಾಧನ ಕೊಳ್ಳುವವರು ಮೊದಲು ಅದರ ತಾರೀಖು ನೋಡಬೇಕು. ತಾರೀಖು ತಪ್ಪಿದ್ದರೆ ತಯಾರಕರ ಹೊಸ ತಂತ್ರಾಂಶ ಹಾಕಿಸಿಯೇ ಬಳಸಬೇಕು.

ಯಂತ್ರ ಸರಿ, ನಕ್ಷೆ ತಪ್ಪು

ಅಕೋಲೆಯಲ್ಲಿ ಆದದ್ದು ಈ ಬಗೆಯ ತಪ್ಪು. ನಮ್ಮ ಗಡಿಭಾಗದಲ್ಲಿ ಇದಕ್ಕೆ ಅವಕಾಶ ಬಹಳ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಡೆದ ಕಿಲ್ಲಾರಿ ಭೂಕಂಪದ ನಂತರ ಲಾತೂರ್ ಮತ್ತು ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಗಳ 52 ಗ್ರಾಮಗಳನ್ನು ಹೊಸ ಜಾಗಗಳಲ್ಲಿ ಕಟ್ಟಲಾಯಿತು. ಅದಕ್ಕೂ ಹಿಂದಿನ ನಕ್ಷೆಯಲ್ಲಿ ಊರು ಇರುವ ಜಾಗದಲ್ಲಿ ಇಂದು ಜನವಸತಿಯಿಲ್ಲ. ನೀರು ಸಿಗುತ್ತದೆ, ಜನ ಸಿಗುತ್ತಾರೆ ಎಂದು ಅಲ್ಲಿಗೆ ನಡೆದು ಹೋದವರಿಗೆ ಪಾಳು ಬಿದ್ದ ಗೋಡೆ ಮತ್ತು ಜಾಲಿ ಮಾತ್ರ ಸಿಕ್ಕೀತು. ಮಾಕಣಿಯ ಬಳಿ ತೇರಣಾ ನದಿಗೆ ಕಟ್ಟಿರುವ ನಿಮ್ನ ತೇರಣಾ ಜಲಾಶಯವೂ ಅಷ್ಟೆ. ಅಣೆಕಟ್ಟೆಗೆ ಮೊದಲಿನ ನಕ್ಷೆಯಲ್ಲಿ ಅಲ್ಲಿ ಬಂಡಿದಾರಿಗಳು ಕಾಣುತ್ತವೆ. ಇಂದು ಅಲ್ಲಿ ನೀರು, ಅದೂ ಒಂದೊಂದು ತಿಂಗಳು ಒಂದೊಂದು ಮಟ್ಟದಲ್ಲಿ.

ಹೆಸರಿನ ಗೊಂದಲವೂ ಇದೆ. ಲೋಹಾರಾ ತಾಲ್ಲೂಕಿನಲ್ಲಿ ಒಂದು ಮಾಕಣಿ ಇದ್ದರೆ ನಿಲಂಗಾ ತಾಲ್ಲೂಕಿನಲ್ಲಿ ಮಾಕಣಿ ಥೋರ ಇದೆ. ಉಮರ್ಗಾ ಎಂದು ಹುಡುಕಿದರೆ ಸಿಗದ್ದು ಓಮರ್ಗಾ ಎಂದರೆ ಸಿಗಬಹುದು. ಉಸ್ಮಾನಾಬಾದ್ ಹೆಸರು 2023ರಲ್ಲಿ ಧಾರಾಶಿವ ಎಂದು ಬದಲಾಯಿತು. ಆದ್ದರಿಂದ ಹೆಸರು ಬರೆದು ಹುಡುಕಿ, ಮೊದಲು ಸಿಕ್ಕಿದ್ದನ್ನೇ ಒತ್ತುವುದು ಅಪಾಯ. ಹೋಗಬೇಕಾದ ಜಾಗದ ಅಕ್ಷಾಂಶ, ರೇಖಾಂಶ ಬರೆದಿಟ್ಟುಕೊಂಡು ಅದನ್ನೇ ತುಂಬಬೇಕು.

ಕಾಗದದ ನಕ್ಷೆ ಬಳಸುವವರಿಗೆ ಇನ್ನೊಂದು ತೊಡಕಿದೆ. ಭಾರತದ ಹಳೆಯ ಸರ್ವೆ ನಕ್ಷೆಗಳು 'ಎವರೆಸ್ಟ್ 1830' ಎಂಬ ಭೂಮಿಯ ಆಕಾರದ ಲೆಕ್ಕದ ಮೇಲೆ ನಿಂತಿವೆ. ಈ ಲೆಕ್ಕಕ್ಕೂ ನಮ್ಮ ನೆಲಕ್ಕೂ ನಂಟಿದೆ. 1802ರಲ್ಲಿ ಮದರಾಸಿನಿಂದ ಮಹಾ ತ್ರಿಕೋನ ಸರ್ವೆ ಆರಂಭಿಸಿದ ವಿಲಿಯಂ ಲ್ಯಾಂಬ್ಟನ್ ಅವರ ಕಾಲದಲ್ಲಿ, 1815ರಲ್ಲಿ, ಬೀದರ್ ಬಳಿ ಸರಪಳಿ ಹಾಸಿ ಆಧಾರರೇಖೆಯೊಂದನ್ನು ಅಳೆಯಲಾಗಿತ್ತು. ಅವರ ನಂತರ ಬಂದ ಜಾರ್ಜ್ ಎವರೆಸ್ಟ್ ಅವರ ಹೆಸರನ್ನೇ ಲೆಕ್ಕಕ್ಕೆ ಇಡಲಾಯಿತು. ಜಿಪಿಎಸ್ ಬಳಸುವ ಲೆಕ್ಕ ಬೇರೆ, ಅದಕ್ಕೆ 'ಡಬ್ಲ್ಯುಜಿಎಸ್ 84' ಎಂದು ಹೆಸರು. ಒಂದರ ಅಂಕಿಯನ್ನು ಇನ್ನೊಂದರ ನಕ್ಷೆಯ ಮೇಲೆ ಗುರುತಿಸಿದರೆ ನಮ್ಮ ಭಾಗದಲ್ಲಿ ನೂರು ಮೀಟರಿಗಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಯಂತ್ರ ಕೆಟ್ಟಿದೆ ಎಂದು ಬೈಯುವವರಲ್ಲಿ ಹಲವರು ನಿಜವಾಗಿ ಈ ಬಲೆಯಲ್ಲಿ ಸಿಕ್ಕವರು.

2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸರ್ವೆ ಆಫ್ ಇಂಡಿಯಾ ಸಾರ್ವಜನಿಕರಿಗಾಗಿ ತಂದ ಓಪನ್ ಸೀರೀಸ್ ನಕ್ಷೆಗಳು ಡಬ್ಲ್ಯುಜಿಎಸ್ 84 ಲೆಕ್ಕದಲ್ಲೇ ಇವೆ. 2017ರಲ್ಲಿ ಇವನ್ನು ಅಂತರ್ಜಾಲದಿಂದ ಉಚಿತವಾಗಿ ಇಳಿಸಿಕೊಳ್ಳಲು ಅವಕಾಶ ಕೊಡಲಾಯಿತು. ಹಳೆಯ ಸಂಖ್ಯೆಯಲ್ಲಿ ಉಮರ್ಗಾ '56 ಸಿ', ನಿಲಂಗಾ '56 ಬಿ', ಉದಗೀರ್ '56 ಎಫ್', ಬೀದರ್ '56 ಜಿ' ಹಾಳೆಗಳಲ್ಲಿ ಬರುತ್ತವೆ. ಹೊಸ ಸರಣಿಯಲ್ಲಿ ಈ ಭಾಗದ ಹಾಳೆಗಳ ಸಂಖ್ಯೆ 'ಇ 43' ಎಂದು ಶುರುವಾಗುತ್ತದೆ.

ಅಂಕಿ ಓದುವಾಗ ಆಗುವ ತಪ್ಪು

ಅಕ್ಷಾಂಶವನ್ನು ಎರಡು ಮೂರು ರೀತಿಯಲ್ಲಿ ಬರೆಯುವ ಪದ್ಧತಿ ಇದೆ. 17.50 ಡಿಗ್ರಿ ಎಂದರೆ ಹದಿನೇಳೂವರೆ ಡಿಗ್ರಿ, ಅಂದರೆ 17 ಡಿಗ್ರಿ 30 ನಿಮಿಷ. ಅದನ್ನೇ ಯಾರಾದರೂ 17 ಡಿಗ್ರಿ 50 ನಿಮಿಷ ಎಂದು ಓದಿಕೊಂಡರೆ 20 ನಿಮಿಷದ ವ್ಯತ್ಯಾಸ. ಅಕ್ಷಾಂಶದ ಒಂದು ನಿಮಿಷ ನೆಲದ ಮೇಲೆ ಸುಮಾರು 1.85 ಕಿ.ಮೀ. ಲೆಕ್ಕ ಹಾಕಿದರೆ 37 ಕಿ.ಮೀ. ತಪ್ಪಿದಂತೆ! ಫೋನಿನಲ್ಲಿ ಸಹಾಯ ಕೇಳುವಾಗ ಈ ತಪ್ಪಾದರೆ ಹುಡುಕುವ ತಂಡ ಬೇರೆ ತಾಲ್ಲೂಕಿಗೆ ಹೋದೀತು. ಆದ್ದರಿಂದ ತಂಡದ ಎಲ್ಲರ ಸಾಧನಗಳನ್ನೂ ಒಂದೇ ರೀತಿಗೆ ಹೊಂದಿಸಿ, ಅಂಕಿಗಳನ್ನು ಒಂದೊಂದಾಗಿ, 'ಡಿಗ್ರಿ', 'ನಿಮಿಷ', 'ಚುಕ್ಕಿ' ಎಂಬ ಮಾತು ಸಮೇತ ಓದಿ ಹೇಳಬೇಕು.

ಎತ್ತರದ ಅಂಕಿಯನ್ನು ಇನ್ನೂ ಕಡಿಮೆ ನಂಬಬೇಕು. ಉಪಗ್ರಹಗಳೆಲ್ಲ ತಲೆಯ ಮೇಲ್ಗಡೆಯೇ ಇರುವುದರಿಂದ ಎತ್ತರದಲ್ಲಿ ತಪ್ಪು ಸಹಜವಾಗಿ ಹೆಚ್ಚು. ಜೊತೆಗೆ ಜಿಪಿಎಸ್‌ನ ಮೂಲ ಲೆಕ್ಕದ ಮಟ್ಟಕ್ಕೂ ಸಮುದ್ರಮಟ್ಟಕ್ಕೂ ದಖ್ಖನ್‌ನಲ್ಲಿ 60 ಮೀಟರಿಗೂ ಹೆಚ್ಚು ಅಂತರವಿದೆ. ಹೆಚ್ಚಿನ ಸಾಧನಗಳು ಇದನ್ನು ತಾವೇ ಸರಿಪಡಿಸುತ್ತವೆ, ಕೆಲವು ಸರಿಪಡಿಸುವುದಿಲ್ಲ. ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಸಾಧನಗಳು ಹವೆ ಬದಲಾದಾಗ ನಿಂತಲ್ಲೇ ಏರಿಳಿತ ತೋರಿಸುತ್ತವೆ. ಇವನ್ನು ಎತ್ತರ ಗೊತ್ತಿರುವ ಜಾಗದಲ್ಲಿ ಆಗಾಗ ಹೊಂದಿಸಿಕೊಳ್ಳಬೇಕು.

ಯಂತ್ರ ಸುಳ್ಳು ಹೇಳುತ್ತಿದೆ ಎಂದು ತಿಳಿಯುವುದು ಹೇಗೆ?

ಪೂರ್ತಿ ಕೆಟ್ಟ ಯಂತ್ರದಿಂದ ಅಷ್ಟು ಅಪಾಯವಿಲ್ಲ, ಅದನ್ನು ಯಾರೂ ನಂಬುವುದಿಲ್ಲ. ಹತ್ತು ಸಲ ಸರಿ ಹೇಳಿ ಹನ್ನೊಂದನೇ ಸಲ ತಪ್ಪು ಹೇಳುವ ಯಂತ್ರವೇ ಅಪಾಯ. ಅದು ತಪ್ಪು ಹೇಳುವಾಗಲೂ ಅದೇ ಧೈರ್ಯದಿಂದ ಬಾಣ ತೋರಿಸುತ್ತದೆ. ಕೆಳಗಿನ ಲಕ್ಷಣಗಳು ಕಂಡರೆ ಅನುಮಾನಿಸಬೇಕು.

* ನಿಂತಲ್ಲೇ ನಿಂತಿದ್ದರೂ ಗುರುತು ಅತ್ತಿತ್ತ ಓಡಾಡುವುದು, ನಡೆದ ದಾರಿಯ ಗೆರೆಯಲ್ಲಿ ಜೇಡರಬಲೆಯಂತೆ ಗಂಟು ಬೀಳುವುದು.
* ನಡೆಯುವವನ ವೇಗ ಗಂಟೆಗೆ 20, 30 ಕಿ.ಮೀ. ಎಂದು ತೋರಿಸುವುದು.
* ನಡೆಯುತ್ತಿದ್ದರೂ ಗುರುತು ಅಲುಗಾಡದೆ ನಿಂತಿರುವುದು.
* 'ಇಷ್ಟು ಮೀಟರಿನೊಳಗೆ' ಎಂಬ ನಿಖರತೆಯ ಅಂಕಿ ಇದ್ದಕ್ಕಿದ್ದಂತೆ ದೊಡ್ಡದಾಗುವುದು. ಈ ಅಂಕಿಯೂ ಯಂತ್ರದ ಸ್ವಂತ ಅಂದಾಜೇ ಹೊರತು ಖಾತ್ರಿಯಲ್ಲ.
* ಕಣ್ಣೆದುರು ಹಳ್ಳ ಎಡಕ್ಕಿದ್ದರೆ ಪರದೆಯಲ್ಲಿ ಬಲಕ್ಕಿರುವುದು.
* ಗುರುತು ಸದಾ ರಸ್ತೆಯ ಮೇಲೆಯೇ ಅಂಟಿಕೊಂಡಿರುವುದು. ವಾಹನಗಳಿಗಾಗಿ ಇರುವ 'ರಸ್ತೆಗೆ ಹೊಂದಿಸು' ಎಂಬ ಆಯ್ಕೆಯನ್ನು ನಡೆಯುವವರು ತೆಗೆದುಹಾಕಬೇಕು.

ಬಾಣದ ಬಗ್ಗೆಯೂ ಎಚ್ಚರ ಬೇಕು. ಅನೇಕ ಅಗ್ಗದ ಸಾಧನಗಳಲ್ಲಿ ದಿಕ್ಸೂಚಿ ಇರುವುದಿಲ್ಲ. ನಡೆಯುತ್ತಿದ್ದಾಗ ಮಾತ್ರ ಅವು ದಿಕ್ಕು ಹೇಳುತ್ತವೆ, ನಿಂತಾಗ ಬಾಣಕ್ಕೆ ಅರ್ಥವಿಲ್ಲ. ದಿಕ್ಸೂಚಿ ಇರುವ ಸಾಧನವನ್ನು ಬ್ಯಾಟರಿ ಬದಲಿಸಿದಾಗಲೆಲ್ಲ ತಿರುಗಿಸಿ ಹೊಂದಿಸಬೇಕು.

ಕೈಕೊಟ್ಟಾಗ ಮಾಡಬೇಕಾದ್ದು

ಮೊದಲ ಕೆಲಸ ನಿಲ್ಲುವುದು. ದಾರಿ ತಪ್ಪಿದೆ ಎಂದು ಮನಸ್ಸಿಗೆ ಬಂದ ಕೂಡಲೇ ಕಾಲು ಜೋರಾಗುವುದು ಮನುಷ್ಯ ಸ್ವಭಾವ. ಆ ಹತ್ತು ನಿಮಿಷದ ಅವಸರದಲ್ಲೇ ಸಣ್ಣ ತಪ್ಪು ದೊಡ್ಡದಾಗುತ್ತದೆ. ಕುಳಿತು ನೀರು ಕುಡಿದು, ಗಡಿಯಾರ ನೋಡಿ, ಕೊನೆಯ ಬಾರಿ ಖಚಿತವಾಗಿ ಗೊತ್ತಿದ್ದ ಜಾಗ ಯಾವುದು, ಅಲ್ಲಿಂದ ಎಷ್ಟು ಹೊತ್ತು ನಡೆದಿದ್ದೇವೆ ಎಂದು ಲೆಕ್ಕ ಹಾಕಬೇಕು.

ಎರಡನೆಯದಾಗಿ, ಬಂಡೆ ಮತ್ತು ಮರದಿಂದ ದೂರ, ಸುರಕ್ಷಿತವಾದ ಬಯಲು ಜಾಗಕ್ಕೆ ಬಂದು ಸಾಧನವನ್ನು ಆಕಾಶಕ್ಕೆ ತೋರುವಂತೆ ಹಿಡಿದು ಐದು ನಿಮಿಷ ಕಾಯಬೇಕು. ಆಗಲೂ ಸರಿಹೋಗದಿದ್ದರೆ ಒಮ್ಮೆ ಆರಿಸಿ ಹೊತ್ತಿಸಿ, ಹತ್ತು ಹದಿನೈದು ನಿಮಿಷ ಬಿಡಬೇಕು. ಬ್ಯಾಟರಿ ಕೊನೆಗೆ ಬಂದಿದ್ದರೆ ಹೊಸದು ಹಾಕಬೇಕು.

ಮೂರನೆಯದು ಎರಡನೇ ಸಾಕ್ಷಿ. ಪಂಚಾಯಿತಿ ಕಟ್ಟೆಯಲ್ಲಿ ಒಬ್ಬನ ಮಾತು ಕೇಳಿ ತೀರ್ಪು ಕೊಡುವುದಿಲ್ಲ, ಇಲ್ಲಿಯೂ ಹಾಗೆಯೇ. ಯಂತ್ರ ಹೇಳಿದ್ದನ್ನು ನಕ್ಷೆ ಒಪ್ಪಬೇಕು, ಅಥವಾ ದಿಕ್ಸೂಚಿ ಒಪ್ಪಬೇಕು, ಅಥವಾ ಕಣ್ಣೆದುರಿನ ಗುಡ್ಡ ಒಪ್ಪಬೇಕು. ಗುರುತು ಸಿಗುವ ಎರಡು ಶಿಖರ ಅಥವಾ ಗುಡಿಗಳ ದಿಕ್ಕನ್ನು ದಿಕ್ಸೂಚಿಯಿಂದ ಹಿಡಿದು ನಕ್ಷೆಯ ಮೇಲೆ ಗೆರೆ ಎಳೆದರೆ, ಗೆರೆಗಳು ಕೂಡುವ ಜಾಗವೇ ನಾವು ನಿಂತ ಜಾಗ. ನಮ್ಮ ಭಾಗದಲ್ಲಿ ದಿಕ್ಸೂಚಿ ತೋರುವ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಒಂದು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲದಿರುವುದು ಅನುಕೂಲವೇ. ಆದರೆ ದಖ್ಖನ್‌ನ ಕರಿಕಲ್ಲಿನಲ್ಲಿ ಕಾಂತಗುಣವಿದೆ. ದಿಕ್ಸೂಚಿಯನ್ನು ಬಂಡೆಯ ಮೇಲಿಟ್ಟು ನೋಡದೆ ಕೈಯಲ್ಲಿ ಹಿಡಿದು, ಹತ್ತು ಹೆಜ್ಜೆ ಆಚೆ ಹೋಗಿ ಮತ್ತೊಮ್ಮೆ ನೋಡಬೇಕು. ಮೊಬೈಲ್ ಮತ್ತು ಜಿಪಿಎಸ್ ಸಾಧನವನ್ನೂ ಅದರಿಂದ ದೂರ ಇಡಬೇಕು.

ನಾಲ್ಕನೆಯದು ಹೆಜ್ಜೆ ಮತ್ತು ಹೊತ್ತಿನ ಲೆಕ್ಕ. ಎಡಗಾಲು ನೆಲ ಮುಟ್ಟಿದಾಗೊಮ್ಮೆ ಎಣಿಸಿದರೆ 100 ಮೀಟರಿಗೆ ಸಾಮಾನ್ಯವಾಗಿ 60ರಿಂದ 70 ಆಗುತ್ತದೆ. ತಮ್ಮದು ಎಷ್ಟು ಎಂದು ಊರಿನಲ್ಲೇ ಅಳೆದು ಇಟ್ಟುಕೊಳ್ಳಬೇಕು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಯ್‌ಸ್ಮಿತ್ 1892ರಲ್ಲಿ ಹೇಳಿದ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ. ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಬಿಸಿಲು, ಭಾರ, ಮಕ್ಕಳು ಇದ್ದರೆ ಇನ್ನೂ ಹೆಚ್ಚು ಹೊತ್ತು ಹಿಡಿಯಬೇಕು.

ಐದನೆಯದಾಗಿ, ಎಲ್ಲಿದ್ದೇವೆ ಎಂದು ತಿಳಿಯದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. 'ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ' ಎಂಬ ಮಾತು ನಮ್ಮ ಬಾಲಾಘಾಟ್ ಗುಡ್ಡಗಳಲ್ಲಿ ಎಷ್ಟೋ ಸಲ ನಿಜವಾದೀತು. ಸಹ್ಯಾದ್ರಿಯಲ್ಲಿ ಅದು ಪ್ರಾಣಕ್ಕೆ ಎರವು. ಅಲ್ಲಿನ ಕರಿಕಲ್ಲು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೇಲೆ ಸಣ್ಣದಾಗಿ ಹರಿಯುವ ಹಳ್ಳ ಮುಂದೆ ಜಲಪಾತವಾಗಿ ಧುಮುಕುತ್ತದೆ. ಇಳಿದವರಿಗೆ ಹತ್ತಲೂ ಆಗದು, ಇಳಿಯಲೂ ಆಗದು.

ಮರಾಠಿಯಲ್ಲಿ 'ಚಕವಾ' ಎಂಬ ನಂಬಿಕೆಯಿದೆ. ಚಕವಾ ಹಿಡಿದವನು ರಾತ್ರಿಯೆಲ್ಲ ನಡೆದರೂ ಹೊರಟಲ್ಲಿಗೇ ಬಂದು ನಿಲ್ಲುತ್ತಾನೆ ಎನ್ನುತ್ತಾರೆ. ಹಿರಿಯರ ಅನುಭವ ಸುಳ್ಳಲ್ಲ. ಜರ್ಮನಿಯ ವಿಜ್ಞಾನಿಗಳು ಕಾಡಿನಲ್ಲೂ ಸಹಾರಾ ಮರುಭೂಮಿಯಲ್ಲೂ ಜನರನ್ನು ನಡೆಸಿ ನೋಡಿ 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಸೂರ್ಯ ಚಂದ್ರರು ಕಾಣದಿದ್ದಾಗ ಜನ ನೇರ ಹೋಗುತ್ತಿದ್ದೇವೆ ಎಂದುಕೊಂಡೇ ಸುತ್ತು ಹೊಡೆಯುತ್ತಾರೆ ಎಂದು ಕಂಡುಬಂತು. ಮಂಜು ಮುಸುಕಿದಾಗ, ಕತ್ತಲಾದಾಗ ಯಂತ್ರವೂ ಕೈಕೊಟ್ಟರೆ ನಡೆಯದೆ ಇದ್ದಲ್ಲೇ ಬೆಳಕಿಗಾಗಿ ಕಾಯುವುದು ಹೇಡಿತನವಲ್ಲ.

ಹೊರಡುವ ಮುನ್ನ

ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕು. ಸಾಧನವನ್ನು ಊರ ಗುಡಿಯ ಅಂಗಳದಂಥ ತೆರೆದ, ಗೊತ್ತಿರುವ ಜಾಗದಲ್ಲಿ ಕಾಲು ಗಂಟೆ ಇಟ್ಟು, ಅಂಕಿ ಬರೆದುಕೊಳ್ಳಬೇಕು. ಮರುದಿನ ಅದೇ ಜಾಗದಲ್ಲಿ ಮತ್ತೆ ನೋಡಿದರೆ ಯಂತ್ರದ ಗುಣ ತಿಳಿಯುತ್ತದೆ. ಒಂದು ಜೊತೆ ಬ್ಯಾಟರಿ ಹೆಚ್ಚಿಗೆ ಇರಬೇಕು. ನಕ್ಷೆಯನ್ನು ಮೊದಲೇ ಸಾಧನಕ್ಕೆ ಇಳಿಸಿಕೊಂಡಿರಬೇಕು, ಬೆಟ್ಟದಲ್ಲಿ ನೆಟ್‌ವರ್ಕ್ ಇರುತ್ತದೆ ಎಂದು ಹೋಗಬಾರದು. ಹೊರಟ ಜಾಗವನ್ನು ಗುರುತು ಹಾಕಿ, ನಡೆದ ದಾರಿಯನ್ನು ದಾಖಲಿಸುವ ಆಯ್ಕೆ ಹಾಕಿಯೇ ಹೆಜ್ಜೆ ಇಡಬೇಕು. ದಾರಿ ಕವಲೊಡೆಯುವಲ್ಲಿ ಹಿಂತಿರುಗಿ ನೋಡುವ ಅಭ್ಯಾಸ ಒಳ್ಳೆಯದು. ಮರಳಿ ಬರುವಾಗ ಬೆಟ್ಟದ ಮುಖವೇ ಬೇರೆಯಾಗಿರುತ್ತದೆ.

ಎಲ್ಲಿಗೆ ಹೋಗುತ್ತೇವೆ, ಯಾವ ದಾರಿ, ಎಷ್ಟು ಗಂಟೆಗೆ ಮರಳುತ್ತೇವೆ ಎಂಬುದನ್ನು ಬರೆದು ಮನೆಯವರ ಕೈಗೆ ಕೊಡಬೇಕು. ಡಿಸೆಂಬರಿನಲ್ಲಿ ನಮ್ಮ ಭಾಗದಲ್ಲಿ ಸಂಜೆ ಆರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ ಎಂಬುದು ನೆನಪಿರಲಿ. ಕರ್ನಾಟಕದ ಹಲವು ಚಾರಣ ದಾರಿಗಳಿಗೆ ಅರಣ್ಯ ಇಲಾಖೆಯ ಮುಂಗಡ ಅನುಮತಿ ಬೇಕು.

ತುರ್ತು ಕರೆಗೆ ದೇಶದೆಲ್ಲೆಡೆ 112. ಕರೆ ಹೋಗದ ಕಡೆ ಒಮ್ಮೊಮ್ಮೆ ಎಸ್ಸೆಮ್ಮೆಸ್ ಹೋಗುತ್ತದೆ, ಅದರಲ್ಲಿ ಅಕ್ಷಾಂಶ, ರೇಖಾಂಶ ಬರೆದು ಮನೆಯವರಿಗೆ ಕಳಿಸಬಹುದು. ಸಹ್ಯಾದ್ರಿಯಲ್ಲಿ ಸಿಕ್ಕಿಹಾಕಿಕೊಂಡವರ ನೆರವಿಗೆ 'ಮಹಾರಾಷ್ಟ್ರ ಮೌಂಟನಿಯರ್ಸ್ ರೆಸ್ಕ್ಯೂ ಕೋಆರ್ಡಿನೇಷನ್ ಸೆಂಟರ್' ಎಂಬ ಸ್ವಯಂಸೇವಕರ ಕೂಟವಿದೆ, ಅದರ ಸಹಾಯವಾಣಿ ಸಂಖ್ಯೆಯನ್ನು ಮೊದಲೇ ಬರೆದುಕೊಳ್ಳಬೇಕು. ಇನ್ನೊಂದು ಎಚ್ಚರಿಕೆ: ಸಾಮಾನ್ಯ ಜಿಪಿಎಸ್ ಸಾಧನ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದರೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಮತ್ತು ಸ್ಯಾಟಲೈಟ್ ಫೋನುಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಭಾರತದಲ್ಲಿ ಬಳಸುವಂತಿಲ್ಲ. ಹೊರದೇಶದಲ್ಲಿರುವ ನೆಂಟರು ಉಡುಗೊರೆಯಾಗಿ ತಂದುಕೊಟ್ಟರೆ ಅದು ಯಾವ ಬಗೆಯದು ಎಂದು ನೋಡಿಕೊಳ್ಳಬೇಕು.

ಗಗನ್ ಮತ್ತು ನಾವಿಕ್

ಭಾರತದ್ದೇ ಎರಡು ವ್ಯವಸ್ಥೆಗಳಿವೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ 'ಗಗನ್' ಜಿಪಿಎಸ್‌ನ ತಪ್ಪನ್ನು ತಿದ್ದುವ ಸಂಕೇತ ಕಳಿಸುತ್ತದೆ. ಮೂಲತಃ ವಿಮಾನಗಳಿಗಾಗಿ ಇರುವ ಇದಕ್ಕೆ 2013ರ ಡಿಸೆಂಬರ್ ಮತ್ತು 2015ರ ಏಪ್ರಿಲ್‌ನಲ್ಲಿ ಎರಡು ಹಂತದ ಮಾನ್ಯತೆ ದೊರೆಯಿತು. ಕೈಸಾಧನದಲ್ಲಿ 'ವಾಸ್' ಎಂಬ ಆಯ್ಕೆ ಇದ್ದರೆ ಅದನ್ನು ಹಾಕಿ ನೋಡಬಹುದು. ಗಗನ್ ಉಪಗ್ರಹಗಳು ಸಮಭಾಜಕದ ಮೇಲೆ ನಿಂತಿರುವುದರಿಂದ ನಮಗೆ ದಕ್ಷಿಣದ ಆಕಾಶ ತೆರೆದಿರಬೇಕು.

'ನಾವಿಕ್' ಸ್ವತಂತ್ರ ವ್ಯವಸ್ಥೆ. ಇದರ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಆದರೆ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟವು. 2025ರ ಜನವರಿಯಲ್ಲಿ ಹಾರಿಸಿದ ಎನ್‌ವಿಎಸ್-02 ಗೊತ್ತಾದ ಕಕ್ಷೆ ಸೇರಲಿಲ್ಲ. ದೇಶದ ಅತ್ಯುತ್ತಮ ತಂತ್ರಜ್ಞರು ಹಾರಿಸಿದ ಉಪಗ್ರಹದ ಗಡಿಯಾರವೂ ಒಮ್ಮೊಮ್ಮೆ ನಿಲ್ಲುತ್ತದೆ ಎಂದ ಮೇಲೆ ಅಂಗೈಯ ಯಂತ್ರ ಎಂದೂ ತಪ್ಪದೆಂದು ಭಾವಿಸುವುದು ಸರಿಯಲ್ಲ.

ಗಡಿಯವರಿಗೆ ಇರುವ ಅನುಕೂಲ

ಕೋಜಾಗಿರಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದು ಹೋಗುವ ಸೊಲ್ಲಾಪುರ, ಕಲಬುರಗಿ, ಬೀದರ್ ಕಡೆಯ ಭಕ್ತರಿಗೆ ಜಿಪಿಎಸ್ ಬೇಕಾಗಿಲ್ಲ. ಮುಂದೆ ಹೋದವರ ಹೆಜ್ಜೆ, ದಾರಿಬದಿಯ ಊರವರ ಮಾತು ಅವರಿಗೆ ಸಾಕು. ಗುಂಪಿಲ್ಲದ ಬೆಟ್ಟದಾರಿಯಲ್ಲೂ ಕುರಿಗಾಹಿ, ಸೌದೆ ತರುವವರು, ತಾಂಡಾದ ಜನ ಯಾರಾದರೂ ಸಿಗುತ್ತಾರೆ. ಅವರನ್ನು ಕೇಳಲು ಗಡಿಭಾಗದವರ ಬಳಿ ಎರಡು ಭಾಷೆಯ ಮಾತು ಸಿದ್ಧವಾಗಿದೆ. ಕಾಲುದಾರಿಗೆ ಅಲ್ಲಿ 'ಪಾಯವಾಟ', ಹಳ್ಳಕ್ಕೆ 'ಓಢಾ', ಬೆಟ್ಟಗಳ ನಡುವಿನ ಕಿರುದಾರಿಗೆ 'ಖಿಂಡ', ಪ್ರಪಾತಕ್ಕೆ 'ಕಡಾ'. ನಕ್ಷೆಯಲ್ಲಿ ಹೆಸರಿನ ಕೊನೆಗೆ 'ಕಡಾ' ಎಂದಿದ್ದರೆ ಅಲ್ಲಿ ನೆಲ ಮುಗಿಯುತ್ತದೆ ಎಂದು ತಿಳಿಯಬೇಕು.

ಕೇಳುವಾಗಲೂ ಒಂದು ಕ್ರಮ ಇದೆ. 'ಈ ದಾರಿ ಅಲ್ಲಿಗೆ ಹೋಗುತ್ತದಾ?' ಎಂದು ಕೇಳಿದರೆ ಎಷ್ಟೋ ಜನ ಸೌಜನ್ಯಕ್ಕೆ 'ಹೌದು' ಎನ್ನುತ್ತಾರೆ. 'ಅಲ್ಲಿಗೆ ಯಾವ ದಾರಿ? ಈ ತಿಂಗಳು ಹಳ್ಳ ದಾಟಲು ಆಗುತ್ತದಾ? ನೀವು ಕೊನೆಯ ಸಲ ಯಾವಾಗ ಹೋಗಿದ್ದಿರಿ?' ಎಂದು ಕೇಳಬೇಕು. ಅಕೋಲೆಯ ಆ ರಾತ್ರಿ ಬೇಕಾಗಿದ್ದುದು ಎರಡನೇ ಪ್ರಶ್ನೆ ಮಾತ್ರ. ಅದಕ್ಕೆ ಉತ್ತರ ಯಾವ ಉಪಗ್ರಹದಲ್ಲೂ ಇರಲಿಲ್ಲ, ದಡದ ಊರಿನಲ್ಲಿತ್ತು.